ಬೆಂಚಿನ ಮೇಲಿನ ಎಂಟು ಲಕ್ಷ

ನಮ್ಮಪ್ಪನ ವರ್ಷದ ಆದಾಯ ಎಂಟು ಲಕ್ಷ ರೂಪಾಯಿ. ಹಾಗಂತ ಸರ್ಕಾರದ ಮೊಹರು ಬಿದ್ದ ಕಾಗದವೊಂದು ಒಂದು ಕಾಲಕ್ಕೆ ನಮ್ಮ ಮನೆಯಲ್ಲಿತ್ತು. ನಮಗಿದ್ದದ್ದು ಮೂರೂವರೆ ಎಕರೆ, ಒಂದು ಬೋರು, ಎರಡು ಹಸು. ಅರಿಸಿನಕ್ಕೆ ಒಳ್ಳೆ ರೇಟು ಬಂದ ವರ್ಷವೂ ಖರ್ಚು ಕಳೆದು ಒಂದೂವರೆ ಲಕ್ಷ ಕಂಡಿದ್ದರೆ ಅದೇ ಹೆಚ್ಚು. ಉಳಿದ ಆರೂವರೆ ಲಕ್ಷವನ್ನು ಅಪ್ಪ ಬೆಳೆದದ್ದು ಬಾಯಲ್ಲಿ. ಅದನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಬೇಗೂರಿನಿಂದ ಮೂರು ಮೈಲಿ ಒಳಗಿರುವ ನಮ್ಮ ಹಳ್ಳಿಯಲ್ಲಿ ಇರುವುದು ಒಂದೇ ಟೀ ಅಂಗಡಿ, ಅದರ ಮುಂದೊಂದು ಕಲ್ಲು ಬೆಂಚು. ಗ್ರಾಮ ಲೆಕ್ಕಿಗರು ವಾರಕ್ಕೊಂದು ದಿನ ಬೈಕಿನಲ್ಲಿ ಬಂದು ಅಲ್ಲೇ ಕೂರುತ್ತಿದ್ದರು. ಆದಾಯ ಪ್ರಮಾಣಪತ್ರಕ್ಕೆ ಯಾರಾದರೂ ಅರ್ಜಿ ಹಾಕಿದ್ದರೆ ಮನೆಮನೆ ಸುತ್ತುವ ತಂಟೆಯೇ ಇಲ್ಲ. "ಏನ್ ಯಜಮಾನ್ರೇ, ವರ್ಷಕ್ಕೆ ಎಷ್ಟಾಗುತ್ತೆ?" ಎಂದು ಬೆಂಚಿನ ಮೇಲಿಂದಲೇ ಕೇಳುವರು. ಕೇಳಿಸಿಕೊಂಡವನು ಹತ್ತು ಜನರೆದುರು ದೊಡ್ಡದೊಂದು ಸಂಖ್ಯೆ ಒಗೆಯುವನು. ಆಮೇಲೆ ಟೀ ಕುಡಿದು ಲೆಕ್ಕಿಗರು ಎದ್ದಾಗ ಅವರ ಹಿಂದೆಯೇ ಬೈಕಿನ ತನಕ ಹೋಗಿ, ಚಕ್ರದ ಗಾಳಿ ನೋಡುವವನ ಹಾಗೆ ಬಗ್ಗಿ, ನಿಜವನ್ನೋ ನಿಜಕ್ಕಿಂತ ಚಿಕ್ಕದನ್ನೋ ಕಿವಿಯಲ್ಲಿ ಉಸುರಿ ಬರುವನು. ಅವರು ಬರೆದುಕೊಳ್ಳುತ್ತಿದ್ದದ್ದು ಬೈಕಿನ ಹತ್ತಿರ ಹೇಳಿದ್ದನ್ನು. ಬೆಂಚಿನ ಮೇಲಿನದು ಊರಿಗೆ, ಬೈಕಿನ ಹತ್ತಿರದ್ದು ಸರ್ಕಾರಕ್ಕೆ. ಈ ಕ್ರಮ ಊರಿನ ಎಲ್ಲರಿಗೂ ಗೊತ್ತಿತ್ತು, ನಮ್ಮಪ್ಪನಿಗೂ ಗೊತ್ತಿತ್ತು.

ನಾನು ಗುಂಡ್ಲುಪೇಟೆಯಲ್ಲಿ ಬಿ.ಎಸ್ಸಿ. ಮುಗಿಸಿ, ಎಂ.ಎಸ್ಸಿ.ಗೆ ಬೇಕೆಂದು ಆ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ್ದೆ. ಅಪ್ಪನ ಸರದಿ ಬಂದ ದಿನ ಬೆಂಚಿನ ಆ ತುದಿಯಲ್ಲಿ ನಮ್ಮ ಮಾವ ಕೂತಿದ್ದರು. ಮಾವ ಅಂದರೆ ನಮ್ಮ ಸೋದರತ್ತೆಯ ಗಂಡ. ಹನ್ನೆರಡು ಎಕರೆ, ಹಣೆ ತುಂಬ ವಿಭೂತಿ, ಮೈ ತುಂಬ ಕೊಬ್ಬು. ಅವರು ಆಗಷ್ಟೇ ಆರು ಲಕ್ಷ ಅಂದಿದ್ದರಂತೆ. ಅಪ್ಪ ಬೀಡಿ ಎಸೆದು, "ನಂದು ಎಂಟು ಬರ್ಕಳಿ" ಎಂದರಂತೆ. ಬೆಂಚೆಲ್ಲ ಹೋ ಎಂದಿತಂತೆ. ಆಮೇಲೆ ಮಾವ ಬೈಕಿನ ಹತ್ತಿರ ಹೋಗಿ ತಮ್ಮ ಆರನ್ನು ತೊಂಬತ್ತು ಸಾವಿರ ಮಾಡಿಸಿಕೊಂಡು, ಸೀಟಿನ ಮೇಲೆ ಕೈಯೂರಿ ಅಲ್ಲೇ ಹರಟುತ್ತ ನಿಂತುಬಿಟ್ಟರು. ಅಪ್ಪ ಬೆಂಚು ಬಿಟ್ಟು ಏಳಲಿಲ್ಲ. ಬೈಕು ಬೆಂಚಿನ ಎಂಟನ್ನೇ ಹೊತ್ತುಕೊಂಡು ಹೊರಟೇಹೋಯಿತು.

ನನಗೆ ಎರಡು ಕಡೆ ಸೀಟು ಸಿಕ್ಕಿತ್ತು, ಎರಡೂ ಸರ್ಕಾರದ ವಿಶ್ವವಿದ್ಯಾಲಯವೇ, ಎರಡೂ ಕಡೆ ರಸಾಯನಶಾಸ್ತ್ರವೇ. ಬೇಗೂರಿನ ಹೆದ್ದಾರಿಯಲ್ಲಿ ನಿಂತರೆ ಒಂದಕ್ಕೆ ಈ ಕಡೆಯ ಬಸ್ಸು, ಇನ್ನೊಂದಕ್ಕೆ ಆ ಕಡೆಯದು. ಹತ್ತಿರದ್ದು ಚಾಮರಾಜನಗರದಲ್ಲಿ. ದೂರದ್ದು ನಂಜನಗೂಡು ದಾಟಿ ಹೋಗಬೇಕಾದದ್ದು. ಹತ್ತಿರದ್ದರ ಫೀಸು ಕಡಿಮೆ, ಎಲ್ಲರ ಬಾಯಲ್ಲೂ ಅದೇ ಮಾತು. ಆದರೆ ನಾನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಕೂಡಿ ಕಳೆದು ನೋಡಿದ್ದೆ. ಆದಾಯ ಕಡಿಮೆಯೆಂಬ ಕಾಗದ ಕೈಯಲ್ಲಿದ್ದರೆ ದೂರದ್ದರಲ್ಲಿ ಫೀಸು ವಿನಾಯಿತಿ, ಹಾಸ್ಟೆಲ್ಲು, ಊಟ, ಮೇಲೊಂದಿಷ್ಟು ವಿದ್ಯಾರ್ಥಿವೇತನ. ಹತ್ತಿರದ್ದರಲ್ಲಿ ನನಗೆ ಹಾಸ್ಟೆಲ್ ಸಿಕ್ಕಿರಲಿಲ್ಲ. ದಿನಾ ಮೂರು ಬಸ್ಸು ಹತ್ತಿ ಇಳಿಯಬೇಕು, ಬಸ್ಸಿನ ಖರ್ಚೇ ಫೀಸನ್ನು ಮೀರುತ್ತಿತ್ತು. ಕಾಗದವಿದ್ದರೆ ದೂರದ್ದೇ ಅಗ್ಗ. ಕಾಗದವಿಲ್ಲದಿದ್ದರೆ ದೂರದ್ದರ ಹೆಸರೂ ಎತ್ತುವಂತಿರಲಿಲ್ಲ.

ಹತ್ತಿರದ್ದರಲ್ಲಿ ಪಾಠ ಚೆನ್ನಾಗಿಲ್ಲ ಅಂತ ನಾನೇನೂ ಹೇಳುತ್ತಿಲ್ಲ. ನನ್ನ ಗಂಟಲಲ್ಲಿ ಸಿಕ್ಕಿಕೊಂಡದ್ದು ನಮ್ಮೂರಿನ ಕೊನೆಯ ಬಸ್ಸು. ಪ್ರ್ಯಾಕ್ಟಿಕಲ್ ಮುಗಿಸಿ ಚಾಮರಾಜನಗರದಿಂದ ಹೊರಟರೆ ಅದು ತಪ್ಪುವುದು ಖಂಡಿತ. ಎರಡು ಸಲ ತಪ್ಪಿದರೆ ಮೂರನೆಯ ಸಲ ಕಾಲೇಜೇ ಬೇಡ ಅನ್ನುತ್ತಾರೆ. ನಮ್ಮಕ್ಕನಿಗೆ ಹಾಗೇ ಆಯಿತು. ಮನೆಯಿಂದ ಓಡಾಡಿಕೊಂಡು ಓದಲಿ ಎಂದು ಸೇರಿಸಿ, ಬಸ್ಸು ತಪ್ಪಿಸಿಕೊಂಡಳು ಎಂದು ಬಿಡಿಸಿ, ಅದೇ ವರ್ಷ ಉಮ್ಮತ್ತೂರಿಗೆ ಕೊಟ್ಟು ಕೈ ತೊಳೆದುಕೊಂಡರು. ಅವಳ ಪುಸ್ತಕಗಳ ಮೇಲೆ ಈಗಲೂ ನಮ್ಮ ಮನೆಯ ಹಿಟ್ಟಿನ ಡಬ್ಬ ಕೂತಿದೆ. ದಿನಾ ಅದನ್ನು ನೋಡಿಕೊಂಡೇ ನಾನು ಡಿಗ್ರಿ ಓದಿದ್ದು.

ಎಂಟು ಲಕ್ಷದ ವಿಷಯ ನನಗೆ ಗೊತ್ತಾಗಿದ್ದು ಗುಂಡ್ಲುಪೇಟೆಯ ಬಸ್‌ಸ್ಟ್ಯಾಂಡಿನ ಎದುರಿನ ಸೈಬರ್ ಅಂಗಡಿಯಲ್ಲಿ. ವಿದ್ಯಾರ್ಥಿವೇತನದ ಅರ್ಜಿಯಲ್ಲಿ, ಮೊಬೈಲಿಗೆ ಬಂದಿದ್ದ ಪ್ರಮಾಣಪತ್ರದ ಸಂಖ್ಯೆ ಹಾಕಿದ ಕೂಡಲೇ ಆದಾಯ ತಾನಾಗಿಯೇ ಬಂದು ಕೂರುತ್ತದೆ. ಅಂಗಡಿಯ ಹುಡುಗಿ ಪರದೆ ನೋಡಿದಳು, ನನ್ನ ಚಪ್ಪಲಿ ನೋಡಿದಳು. "ಅಕ್ಕ, ನಿಮಗೆ ಬರಲ್ಲ. ನಿಮ್ಮಪ್ಪಂಗೆ ಎಂಟು ಲಕ್ಷ ಇದೆ" ಎಂದಳು. ನಾನು ತಪ್ಪು ನಂಬರ್ ಒತ್ತಿದ್ದೀಯ ಎಂದು ಅವಳ ಮೇಲೇ ರೇಗಿದೆ. ಪಾಪ, ಅವಳು ಇನ್ನೊಂದು ಸಲ ಒತ್ತಿದಳು. ಮತ್ತೆ ಅದೇ ಎಂಟು ಲಕ್ಷ.

ಬೇಗೂರಿನ ನಾಡಕಚೇರಿಗೆ ಹೋದೆ. ಈ ಪತ್ರ ಐದು ವರ್ಷ ನಡೆಯುತ್ತದೆ, ಬದಲಾಯಿಸಬೇಕಾದರೆ ನಿಮ್ಮಪ್ಪನೇ ಬರೆದುಕೊಡಬೇಕು, ಇಬ್ಬರು ಸಾಕ್ಷಿ ಹಾಕಬೇಕು, ಲೆಕ್ಕಿಗರು ಮತ್ತೆ ವರದಿ ಕೊಡಬೇಕು ಎಂದರು. ಸೀಟು ಉಳಿಸಿಕೊಳ್ಳಲು ನನಗಿದ್ದದ್ದು ಒಂಬತ್ತು ದಿನ.

ಮನೆಗೆ ಬಂದು ಬ್ಯಾಗು ಕೂಡ ಇಳಿಸದೆ ಕೇಳಿದೆ. "ಎಲ್ರೂ ಬೈಕ್ ಹತ್ರ ಓಯ್ತಾರೆ. ನಿಂಗೇನಾಗಿತ್ತಪ್ಪ?"

ಅಪ್ಪ ಹಸುವಿಗೆ ಹಿಂಡಿ ಕಲಸುತ್ತಿದ್ದರು. ತಲೆ ಎತ್ತದೆ, "ನಿಮ್ಮಾವ ಅಲ್ಲೇ ನಿಂತಿದ್ದ ಕಣಮ್ಮಿ" ಎಂದರು.

"ನಿಂತಿದ್ರೆ?"

"ನಿಂತಿದ್ರೆ ಅಂದ್ರೆ? ಅವ್ನ ಮುಂದೆ ಓಗಿ ನಂಗೇನೂ ಇಲ್ಲ ಸ್ವಾಮಿ, ಬಡವ ಅಂತ ಬರ್ಕಳಿ ಅನ್ಬೇಕಾಗಿತ್ತಾ? ಅವ್ನು ಸಾಯೋಗಂಟ ಅದ್ನೇ ಆಡ್ಕತಾನೆ."

"ಅವ್ರೇ ತೊಂಬತ್ ಸಾವ್ರ ಅಂತ ಬರ್ಸವ್ರಲ್ಲ!"

"ಅವ್ನಿಗೆ ಮಾನ ಇಲ್ಲ, ಬರುಸ್ದ. ನಂಗದೆ. ನೀನ್ ಹತ್ರುದ್ದುಕ್ಕೆ ಸೇರ್ಕ. ಅದೂ ಸರ್ಕಾರುದ್ದೇ. ಫೀಸ್ ನಾನ್ ಕಟ್ತೀನಿ. ಯಾವನ್ ಮುಂದೂ ಕೈ ಚಾಚಬ್ಯಾಡ."

ಅವ್ವ ಒಳಗಿಂದ, "ಓಗ್ಲಿ ಬುಡು, ಹತ್ರುದ್ದೇ ಆಗ್ಲಿ" ಎಂದರು. ಆ 'ಓಗ್ಲಿ ಬುಡು'ವಿನಲ್ಲೇ ನಮ್ಮಕ್ಕನೂ ಹೋಗಿದ್ದಳು. ನಾನು ಒಲೆಯ ಪಕ್ಕದಲ್ಲಿದ್ದ ಚೊಂಬನ್ನು ಒದ್ದೆ. ಅದು ಹೋಗಿ ಹಿಟ್ಟಿನ ಡಬ್ಬಕ್ಕೆ ಬಡಿಯಿತು. ಐದು ದಿನ ನಾನು ಅಪ್ಪನ ತಟ್ಟೆಗೆ ಅನ್ನ ಬಡಿಸಲಿಲ್ಲ, ಅಪ್ಪ ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ.

ಆರನೆಯ ದಿನ ಲೆಕ್ಕಿಗರು ಬರುವ ವಾರ. ನಾನು ತಲೆ ಬಾಚಿಕೊಂಡು ಟೀ ಅಂಗಡಿಗೆ ಹೋದೆ. ಹೆಣ್ಣುಮಕ್ಕಳು ಆ ಬೆಂಚಿನ ಹತ್ತಿರ ನಿಲ್ಲುವ ರೂಢಿ ಇಲ್ಲ. ಅಪ್ಪ ಗ್ಲಾಸು ಹಿಡಿದು ಕೂತಿದ್ದರು. ಮಾವ ಕೂತಿದ್ದರು. ಇನ್ನೂ ಏಳೆಂಟು ಜನರಿದ್ದರು.

"ಸಾರ್, ನಮ್ಮಪ್ಪ ಹೇಳಿದ್ದು ಸುಳ್ಳು. ನಮಗೆ ಎಂಟು ಲಕ್ಷ ಇಲ್ಲ, ಒಂದೂವರೆನೂ ಇಲ್ಲ" ಎಂದೆ.

ಲೆಕ್ಕಿಗರು ಒಳ್ಳೆಯವರು. ತಟ್ಟನೆ ಎದ್ದು, "ಆಯ್ತಮ್ಮ ಆಯ್ತು, ಬಾ ಈ ಕಡೆ, ಬೈಕ್ ಹತ್ರ ಮಾತಾಡೋಣ" ಎಂದರು.

ಹೋಗಬಹುದಿತ್ತು. ಹತ್ತು ಹೆಜ್ಜೆ. ಕೆಲಸವೂ ಆಗುತ್ತಿತ್ತು, ಯಾರ ಮುಖಕ್ಕೂ ಏನೂ ಆಗುತ್ತಿರಲಿಲ್ಲ. ಆದರೆ ಐದು ದಿನದ ಸಿಟ್ಟು ನೆತ್ತಿಗೇರಿತ್ತು. "ಬೇಡ ಸಾರ್. ಬೆಂಚಿನ ಮೇಲೆ ಬರೆದಿದ್ದನ್ನ ಬೆಂಚಿನ ಮೇಲೇ ಹೊಡೆದಾಕಿ" ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಮೂರೂವರೆ ಎಕರೆ ಅಂದೆ. ಡೈರಿಗೆ ದಿನಕ್ಕೆ ಎಷ್ಟು ಲೀಟರ್ ಹಾಲು ಅಂದೆ. ಕೇರಳದವರು ಚೆಂಡು ಹೂವಿಗೆ ಕೊಟ್ಟ ರೇಟು ಅಂದೆ. ಅಕ್ಕನ ಮದುವೆಗೆ ಮಾರಿದ ಅವ್ವನ ಓಲೆಯನ್ನೂ ಹೇಳಿಬಿಟ್ಟೆ. ಅದನ್ನು ಯಾರೂ ಕೇಳಿರಲಿಲ್ಲ.

ಲೆಕ್ಕಿಗರು ಬಿಳಿ ಹಾಳೆ ತೆಗೆದು ಬರೆದು ಅಪ್ಪನ ಮುಂದೆ ಹಿಡಿದರು. ಅಪ್ಪ ಓದಲಿಲ್ಲ, ಗ್ಲಾಸು ಕೆಳಗಿಟ್ಟು ರುಜು ಹಾಕಿದರು. ಸಾಕ್ಷಿ ಯಾರು ಎಂದಾಗ ಮಾವ ಜೇಬಿನಿಂದ ಪೆನ್ನು ತೆಗೆದೇಬಿಟ್ಟರು. "ಕೊಡಿ ಸಾರ್, ನಾನ್ ಆಕ್ತೀನಿ. ನಮ್ ಬಾಮೈದ ಬಡವ ಅಂತ ನಂಗಿಂತ ಚೆನ್ನಾಗ್ ಯಾರ್ಗ್ ಗೊತ್ತು?" ಎಂದು ಹಲ್ಲು ಬಿಟ್ಟರು. ಆ ಪೆನ್ನು ಕಿತ್ತುಕೊಂಡು ಅವರ ಮುಖಕ್ಕೆ ಎಸೆಯುವಷ್ಟು ಕೋಪ ಬಂತು. ಆದರೆ ನನಗೆ ಆ ರುಜು ಬೇಕಿತ್ತು. ಎರಡನೆಯ ಸಾಕ್ಷಿಗೆ ಅಂಗಡಿಯವನ ಕೈಯಲ್ಲಿ ರುಜು ಹಾಕಿಸಿಕೊಂಡೆ.

ಕಾಗದ ಬಂತು. ಸೀಟು ಉಳಿಯಿತು. ದೂರದ್ದಕ್ಕೆ ಸೇರಿದೆ, ಫೀಸು ವಿನಾಯಿತಿ ಆಯಿತು, ಹಾಸ್ಟೆಲ್ಲು ಸಿಕ್ಕಿತು. ಎರಡು ವರ್ಷ ಲ್ಯಾಬಿನಲ್ಲಿ ಬೇಕಾದಷ್ಟು ಹೊತ್ತು ನಿಂತು ಕೆಲಸ ಮಾಡಿದೆ. ಯಾವ ಬಸ್ಸೂ ನನಗೆ ತಪ್ಪಲಿಲ್ಲ. ನಾನು ಮಾಡಿದ್ದು ತಪ್ಪು ಅಂತ ನನಗೆ ಅನ್ನಿಸಿಲ್ಲ. ಮಾಡಿದ ರೀತಿಯ ಬಗ್ಗೆ ಯಾರಾದರೂ ಕೇಳಿದರೆ ಮಾತ್ರ ನನಗೆ ರೇಗುತ್ತದೆ.

ಅಪ್ಪ ಹಾಸ್ಟೆಲ್ ಕಡೆ ಒಂದು ಸಲವೂ ತಲೆ ಹಾಕಲಿಲ್ಲ. ಮಿಕ್ಕವರ ಅಪ್ಪಂದಿರು ಚಕ್ಕುಲಿ, ಹುರಿಗಾಳು ಹಿಡಿದು ಬರುತ್ತಿದ್ದರು. ಮೊದಲ ದಸರಾ ರಜೆಗೆ ಮನೆಗೆ ಬಂದಾಗ ಅಪ್ಪ ಬೆಳಿಗ್ಗೆಯೇ ಶರಟು ಹಾಕಿಕೊಂಡು ಹೊರಟರು. ಎಲ್ಲಿಗೆ ಎಂದು ಕೇಳಿದ್ದಕ್ಕೆ ಅವ್ವ, "ಬೇಗೂರ್ಗೆ, ಟೀ ಕುಡಿಯಾಕೆ" ಎಂದರು.

"ಊರಲ್ಲೇ ಅಂಗ್ಡಿ ಇಲ್ವಾ?"

"ನೀನ್ ಹಾಸ್ಟೆಲ್‌ಗೆ ಓದ್ ಮ್ಯಾಲೆ ನಿಮ್ಮಾವ ದಿನಾ ಎಲ್ರ ಮುಂದೆ ನಿಮ್ಮಪ್ಪನ ಟೀಗೂ ತಾನೇ ಕಾಸ್ ಕೊಡಾಕ್ ಸುರು ಮಾಡ್ದ. ಪಾಪ, ಬಡವ, ಇರ್ಲಿ ಅಂತ. ಮೂರ್ ದಿನ ನೋಡುದ್ರು. ನಾಕ್ನೇ ದಿನ ಗ್ಲಾಸ್ ಅಲ್ಲೇ ಮಡಗಿ ಎದ್ದ್ ಬಂದ್ರು. ಇನ್ನೂ ಆ ಕಡೆ ಓಗಿಲ್ಲ."

ಮೂರು ಮೈಲಿ ಹೋಗಿ, ಟೀ ಕುಡಿದು, ಮೂರು ಮೈಲಿ ವಾಪಸ್ಸು. ಮಾವನಿಗೆ ಮನಸ್ಸಿನಲ್ಲೇ ಎಷ್ಟು ಬೈದೆನೋ ಲೆಕ್ಕವಿಲ್ಲ. ಅಪ್ಪನಿಗೂ ಬೈದೆ. ಒಂದು ಟೀಗೆ ಇಷ್ಟೊಂದು ಜಂಬವೇ ಎಂದು. ಅಪ್ಪನ ಹತ್ತಿರ ಮಾತ್ರ ಏನೂ ಕೇಳಲಿಲ್ಲ. ಎರಡು ವರ್ಷ ನಾವು ಊಟ ಆಯ್ತಾ, ಆಯ್ತು ಎನ್ನುವುದರಲ್ಲೇ ಕಾಲ ಹಾಕಿದೆವು.

ಕೊನೆಯ ಮಾರ್ಕ್ಸ್ ಕಾರ್ಡ್ ಹಿಡಿದು ಊರಿಗೆ ಬಂದ ದಿನ ಅಪ್ಪ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ವಿಭಾಗಕ್ಕೇ ಎರಡನೆಯವಳಾಗಿದ್ದೆ. ಕಾರ್ಡನ್ನು ಅವರ ಮುಂದೆ ಚಾಚಿದೆ. ಕೈಗೆ ತೆಗೆದುಕೊಳ್ಳಲಿಲ್ಲ.

"ನಂಗ್ಯಾಕೆ ತೋರುಸ್ತೀಯೆ? ಬೆಂಚ್ ತಾವ್ ಓಗು. ಬಡವ ಅಂತ ಕೂಗಿ ಹೇಳ್ದಲ್ಲ, ಇದ್ನೂ ಅಲ್ಲೇ ಕೂಗಿ ಹೇಳು" ಎಂದರು.

ಎರಡು ವರ್ಷದಲ್ಲಿ ಅವರು ನನ್ನ ಹತ್ತಿರ ಆಡಿದ ಅತಿ ಉದ್ದದ ಮಾತು ಅದು. ಕಣ್ಣಲ್ಲಿ ನೀರು ಬಂತು, ಅದಕ್ಕಿಂತ ಜಾಸ್ತಿ ಸಿಟ್ಟು ಬಂತು. ಹೇಳಲ್ಲ ಅಂದುಕೊಂಡೆಯಾ ಎನ್ನುತ್ತಾ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟೆ.

ಅವತ್ತೂ ಲೆಕ್ಕಿಗರ ವಾರವೇ. ಬೈಕು ಬೇಲಿಯ ಪಕ್ಕ ನಿಂತಿತ್ತು, ಅವರು ಟೀ ಕುಡಿಯುತ್ತಿದ್ದರು. ಮಾವ ಅದೇ ತುದಿಯಲ್ಲಿ ಕೂತಿದ್ದರು. ಅಪ್ಪ ಕೂರುತ್ತಿದ್ದ ಜಾಗದಲ್ಲಿ ಯಾರದೋ ಟವೆಲ್ಲು ಬಿದ್ದಿತ್ತು. ನಾನು ಮಾರ್ಕ್ಸ್ ಕಾರ್ಡ್ ಬಿಚ್ಚಿ ಒಂದೊಂದೇ ವಿಷಯ, ಒಂದೊಂದೇ ಅಂಕ ಗಟ್ಟಿಯಾಗಿ ಓದಿದೆ. ಲೆಕ್ಕಿಗರು, "ಭಲೇ ಕಣಮ್ಮ" ಎಂದರು. ಅಂಗಡಿಯವನು ಸೌಟು ಹಿಡಿದುಕೊಂಡೇ ನಿಂತಿದ್ದ.

ಮಾವ ಎಲೆಯಡಿಕೆ ಉಗಿದು ಬಂದು, ನಗುತ್ತ ಕೇಳಿದರು. "ಅದೆಲ್ಲ ಸರಿ ಕಣಮ್ಮಿ, ಎರಡ್ ವರ್ಸುಕ್ಕೆ ನಿಮ್ಮಪ್ಪನ ಕೈಯಿಂದ ಎಷ್ಟ್ ಬಿಚ್ಚುದ್ದು?"

ಒಂದು ಪೈಸೆಯೂ ಇಲ್ಲ ಎಂದು ಅವರಿಗೆ ಗೊತ್ತಿತ್ತು. ಸಾಕ್ಷಿ ಹಾಕಿದವರೇ ಅವರು. ಬೆಂಚಿನಲ್ಲಿ ಕೂತ ಅಷ್ಟೂ ಜನರಿಗೆ ಗೊತ್ತಿತ್ತು.

"ಎಲ್ಲಾನೂ ನಮ್ಮಪ್ಪನೇ ಕಟ್ಟುದ್ದು ಮಾವ, ಫೀಸು, ಹಾಸ್ಟೆಲ್ಲು, ಊಟ ಎಲ್ಲಾ. ಆ ಕಾಗದ ನಾನು ಕೊಡ್ಲೇ ಇಲ್ಲ. ಎಂಟ್ ಲಕ್ಸುದ್ ಮನೆಯವ್ಳಿಗೆ ಅದ್ಯಾಕೆ?" ಎಂದೆ.

ಲೆಕ್ಕಿಗರು ಗ್ಲಾಸಿನೊಳಗೆ ನೋಡತೊಡಗಿದರು. ಯಾರೂ ಹೋ ಅನ್ನಲಿಲ್ಲ. ಮಾವ ಮಾತ್ರ ತೊಡೆ ತಟ್ಟಿಕೊಂಡು ನಕ್ಕರು.

"ಥೂ, ಅಪ್ಪನ ಮಗ್ಳೇ ಕಣಮ್ಮಿ ನೀನು!"

ಬೈಗುಳ ಎಂದೇ ಅಂದದ್ದು. ನಾನು ಕಾರ್ಡ್ ಮಡಿಸಿಕೊಂಡು, ಬೈಕಿನ ಕಡೆ ತಿರುಗಿಯೂ ನೋಡದೆ, ಮನೆಗೆ ನಡೆದೆ.