ಕ್ಯಾರವಾನಿಗೆ ಬಿಸಿನೀರು

ದಿವಾಕರನ ಬೆರಳುಗಳು ಬೆಳಿಗ್ಗೆ ಬಿಚ್ಚುತ್ತಿರಲಿಲ್ಲ. ಮಲಗುವಾಗ ನೆಟ್ಟಗೇ ಇರುತ್ತಿದ್ದವು. ಏಳುವ ಹೊತ್ತಿಗೆ ಎರಡೂ ಕೈ ಮುಷ್ಟಿ ಕಟ್ಟಿ, ಗೆಣ್ಣುಗಳು ಊದಿ, ಬೇರೆ ಯಾರದೋ ಕೈ ತಂದು ಅಂಟಿಸಿದಂತೆ ಆಗಿರುತ್ತಿದ್ದವು. ಬಕೆಟ್ಟಿನ ಬಿಸಿನೀರಲ್ಲಿ ಕಾಲು ಗಂಟೆ ಅದ್ದಿಟ್ಟರೆ ಒಂದೊಂದಾಗಿ ಸಡಿಲವಾಗುತ್ತಿದ್ದವು. ಆಮೇಲೆ ಅವನಷ್ಟು ಚೊಕ್ಕವಾಗಿ ಪೈಪು ಕೂಡಿಸುವವನು ಕಂಪನಿಯಲ್ಲೇ ಇರಲಿಲ್ಲ. ಹತ್ತು ವರ್ಷ ಸಿಂಗಾಪುರದ ಹಡಗುಕಟ್ಟೆಯಲ್ಲಿ, ಕಟ್ಟಡಗಳಲ್ಲಿ ಪಾನಾ ತಿರುಗಿಸಿದ ಮೇಲೆ ಕೈಗೆ ಬಂದದ್ದು ಈ ಬಿಗಿತ.

ಈ ಕಾಲು ಗಂಟೆಯ ವಿಷಯವನ್ನು ಅವನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಗೊತ್ತಾದರೆ ಕೆಲಸದ ಪರ್ಮಿಟ್ ರದ್ದು, ಮೂರನೇ ದಿನ ವಿಮಾನ. ಕೈ ಬಾರದ ಫಿಟ್ಟರನ್ನು ಯಾವ ಕಂಪನಿಯೂ ಸಾಕುವುದಿಲ್ಲ. ಅವನಿಗಾಗಲೇ ನಲವತ್ತೇಳು. ಮೈಸೂರಿನಲ್ಲಿ ಮಗಳು ನರ್ಸಿಂಗ್ ಎರಡನೇ ವರ್ಷ. ಇನ್ನೆರಡು ವರ್ಷ ಈ ಕೈ ಎಳೆದರೆ ಸಾಕು ಎಂದು ಹೆಂಡತಿ ಶೋಭಾಳಿಗೂ ಹೇಳದೆ ತನ್ನಷ್ಟಕ್ಕೆ ಲೆಕ್ಕ ಹಾಕಿಕೊಂಡಿದ್ದ.

ಮೈಸೂರಿನಲ್ಲಿದ್ದಾಗ ಅವನು ನೂಲಿನ ಗಿರಣಿಯ ಫಿಟ್ಟರ್, ಯೂನಿಯನ್ನಿನವನು. ನಾಲ್ಕು ತಿಂಗಳ ಮುಷ್ಕರದಲ್ಲಿ ಗೇಟಿನ ಮುಂದೆ ಚಾಪೆ ಹಾಸಿ ಮಲಗಿದವನು. ಮನವಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಲು ಬಂದ ಹೆಂಗಸರನ್ನು ಕೂರಿಸಿಕೊಂಡು, ಇಂಕಿನ ಪ್ಯಾಡು ಮುಚ್ಚಿಟ್ಟು, "ನಿಮ್ ಹೆಸರು ನೀವೇ ಬರೀರಿ, ಅವರು ಮುಖ ಎತ್ತಿ ಓದ್ಲಿ" ಎಂದು ಇಡೀ ವಾರ ಅಕ್ಷರ ತಿದ್ದಿಸಿದ್ದ. ಹನ್ನೆರಡು ಮಂದಿ ಸಹಿ ಕಲಿತರು. ಗಿರಣಿ ಮುಚ್ಚಿತು. ಅವನ ಹೆಸರು ಓದಿಕೊಂಡ ಊರಿನ ಮಾಲೀಕರು ಯಾರೂ ಅವನಿಗೆ ಕೆಲಸ ಕೊಡಲಿಲ್ಲ.

ಸಿಂಗಾಪುರಕ್ಕೆ ಬಂದ. ಬಂದು ಹತ್ತು ವರ್ಷವಾಗಿದ್ದ ಎರಡು ಸಾವಿರದ ಏಳರಲ್ಲಿ ಅಲ್ಲಿ ಎಲ್ಲಿ ನೋಡಿದರೂ ಕ್ರೇನು. ಮನೆ ಕಟ್ಟುವವರು ಮಲಗುವುದಕ್ಕೆ ಮಾತ್ರ ಜಾಗವಿರಲಿಲ್ಲ. ದಿವಾಕರನ ಮಾಲೀಕ ಅನಂತರಾಮ್ ಕೂಡ ಮೈಸೂರಿನವನೇ. ಬಿಶಾನ್‌ನ ಕಾಂಡೋ ಫ್ಲ್ಯಾಟಿನಲ್ಲಿ ವಾಸ, ಪುಂಗೋಲ್‌ನಲ್ಲಿ ಪ್ಲಂಬಿಂಗ್ ಗುತ್ತಿಗೆ. ಮಣ್ಣು ಪರೀಕ್ಷೆಗೆ ಬಂದಿದ್ದ ಆಸ್ಟ್ರೇಲಿಯಾದ ಕಂಪನಿಯೊಂದು ಹೋಗುವಾಗ ಬಿಟ್ಟುಹೋದ ಹಳೇ ಕ್ಯಾರವಾನನ್ನು, ಕಾರಿನ ಹಿಂದೆ ಕಟ್ಟಿ ಎಳೆಯುವ ಆ ಮನೆಬಂಡಿಯನ್ನು, ಅವನು ಗುಜರಿ ದರಕ್ಕೆ ತಂದು ವುಡ್‌ಲ್ಯಾಂಡ್ಸ್‌ನ ಯಾರ್ಡಿನಲ್ಲಿ ನಿಲ್ಲಿಸಿದ. ಡಾರ್ಮಿಟರಿಯಿಂದ ದಿವಾಕರನನ್ನೂ ಹಾಸನದ ಸುಭಾಷನನ್ನೂ ಎಬ್ಬಿಸಿ ಅದರೊಳಗೆ ತುಂಬಿದ.

ಡಾರ್ಮಿಟರಿಯಲ್ಲಿ ಅಡುಗೆಮನೆಯಿತ್ತು, ಬಿಸಿನೀರಿತ್ತು. ಕ್ಯಾರವಾನಿನ ಬಿಸಿನೀರಿನ ಹೀಟರನ್ನು ಯಾರೋ ಮೊದಲೇ ಬಿಚ್ಚಿಕೊಂಡು ಹೋಗಿದ್ದರು. ಅದಿದ್ದ ಕಡೆ ಗೋಡೆಯಲ್ಲಿ ಒಂದೂವರೆ ಅಡಿ ಚೌಕದ ತೂತು, ಅದಕ್ಕೊಂದು ಪ್ಲೈವುಡ್ ತುಂಡು. ಒಳಗೆ ಹೀಟರಿನ ಎರಡು ಪೈಪುಗಳನ್ನು ಒಂದಕ್ಕೊಂದು ಕೂಡಿಸಿಬಿಟ್ಟಿದ್ದರಿಂದ ಬಿಸಿನೀರಿನ ಕೆಂಪು ನಲ್ಲಿಯಲ್ಲೂ ತಣ್ಣೀರೇ. ಕೆಟಲ್ ಹಾಕಿದರೆ ಫ್ಯೂಸ್ ಹೋಗುತ್ತಿತ್ತು. ದಿವಾಕರ ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು, ಯಾರ್ಡಿನ ಡೀಸೆಲ್ ಕಂಪ್ರೆಸರನ್ನು ಪರೀಕ್ಷಿಸುವ ನೆಪದಲ್ಲಿ ಮೊಣಕೈಯಿಂದ ಗುಂಡಿ ಒತ್ತಿ ಚಾಲೂ ಮಾಡಿ, ಕಾದ ಎಂಜಿನ್ನಿನ ಮೇಲೆ ಕೈಗಳನ್ನಿಟ್ಟು ಕೂರುತ್ತಿದ್ದ.

ಹತ್ತು ದಿನ ಹೀಗೆ ನಡೆದ ಮೇಲೆ ಅನಂತರಾಮನನ್ನು ಕೇಳಿದ. "ಸಾರ್, ಒಂದು ಹೀಟರ್ ಕೊಡ್ಸಿ. ನಾನೇ ಹಾಕ್ಕೋತೀನಿ. ಬಿಸಿನೀರಿಲ್ದೆ ಸ್ನಾನ ಮಾಡಿ ಅಭ್ಯಾಸ ಇಲ್ಲ."

ಸುಭಾಷ್ ಪಕ್ಕದಲ್ಲೇ ಇದ್ದ. "ಅಣ್ಣ, ಈ ಸೆಖೇಲಿ ಬಿಸಿನೀರಾ? ನೀವೇನು ಬಾಣಂತೀನಾ? ಸಾಂಬ್ರಾಣಿ ಹೊಗೆನೂ ಹಾಕ್ಸೋಣ್ವಾ?"

"ಹಾಕ್ಸು. ನಿನ್ ಸಾಕ್ಸಿನ ನಾತನಾದ್ರೂ ಹೋಗುತ್ತೆ."

ಅನಂತರಾಮ್‌ಗೂ ಬೇಕಾಗಿತ್ತು. ಇನ್ನಿಬ್ಬರು ಬೆಂಗಳೂರಿಂದ ಬರುವವರಿದ್ದರು. ಬಿಸಿನೀರಿದೆ ಎಂದರೆ ಗೊಣಗುವುದಿಲ್ಲ. ಮುಂದಿನ ಶನಿವಾರ ಡಬ್ಬಿ ಹಿಡಿದು ಬಂದ. ಕ್ಯಾರವಾನಿನದಲ್ಲ, ಊರಲ್ಲಿ ಎಲ್ಲರ ಬಚ್ಚಲಲ್ಲೂ ನೇತಾಡುವ ಗ್ಯಾಸ್ ಗೀಸರ್. ಅವನ ಭಾವಮೈದುನ ಬೆಂಗಳೂರಿಂದ ಲಗೇಜಿನಲ್ಲಿ ತಂದದ್ದು. ಜೊತೆಗೆ ಇಲ್ಲಿಯದೇ ಒಂದು ಸಣ್ಣ ಗ್ಯಾಸ್ ಸಿಲಿಂಡರ್.

"ಬಾತ್‌ರೂಮ್ ಗೋಡೆಗೆ ಎರಡು ಸ್ಕ್ರೂ ಹೊಡೀರಿ, ಕನೆಕ್ಷನ್ ಕೊಡಿ, ಅರ್ಧ ಗಂಟೆ ಕೆಲಸ" ಎಂದ.

ದಿವಾಕರ ಬಚ್ಚಲಿನ ಬಾಗಿಲು ತೆಗೆದು ತೋರಿಸಿದ. ನಿಂತರೆ ಎರಡೂ ಭುಜ ಗೋಡೆಗೆ ತಾಗುವಷ್ಟು ಜಾಗ. ಸೊಳ್ಳೆ ಬರುತ್ತದೆಂದು ಕಿಟಕಿಗೆ ಟೇಪು ಸುತ್ತಿತ್ತು.

"ಒಳಗೆ ಹಾಕಲ್ಲ ಸಾರ್. ಇದರ ಹೊಗೆಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಸ್ನಾನಕ್ಕೆ ಹೋದೋನು ಹಂಗೇ ಕುಸೀತಾನೆ."

"ಅಲ್ರೀ, ನಮ್ಮನೇಲೇ ಎಂಟು ವರ್ಷದಿಂದ ಬಾತ್‌ರೂಮಲ್ಲೇ ಇದೆ. ನಮ್ಮಮ್ಮ ದಿನಾ ಸ್ನಾನ ಮಾಡ್ತಾರೆ, ಗಟ್ಟಿಯಾಗಿದ್ದಾರೆ."

"ನಾನು ರಜೆಗೆ ಹೋಗಿದ್ದಾಗ ನಮ್ ಬೀದೀಲಿ ಒಬ್ಬಳು ಹುಡುಗಿ ಹಿಂಗೇ ಹೋದ್ಲು ಸಾರ್. ಮದುವೆಗೆ ನಾಲ್ಕು ದಿನ ಇತ್ತು. ಬಾಗ್ಲು ಒಡೆದೋನು ನಾನೇ."

ಅನಂತರಾಮ್ ಗಡಿಯಾರ ನೋಡಿದ. "ಏನಾದ್ರೂ ಮಾಡ್ಕೊಳ್ಳಿ. ಸೋಮವಾರ ಆ ಇಬ್ಬರು ಬರ್ತಾರೆ, ಅಷ್ಟರಲ್ಲಿ ರೆಡಿ ಇರ್ಬೇಕು. ಯೂನಿಯನ್ ಭಾಷಣ ಬೇಡ."

ಬಾಯಿ ಮುಚ್ಚಿಕೊಂಡು ಎರಡು ಸ್ಕ್ರೂ ಹೊಡೆದಿದ್ದರೆ ಅಂದು ಸಂಜೆಗೇ ದಿವಾಕರನಿಗೆ ಬಿಸಿನೀರು ಸಿಗುತ್ತಿತ್ತು. ಅವನು ಗೀಸರನ್ನು ಹೊರಗೋಡೆಗೆ ಹಾಕಲು ಹೊರಟ. ಪ್ಲೈವುಡ್ ಕಿತ್ತು, ಹಳೇ ತೂತಿಗೆ ತಗಡು ಹೊಡೆದು, ಅದರಲ್ಲಿ ಪೈಪು ಹಾಯುವಷ್ಟೇ ರಂಧ್ರ ಬಿಟ್ಟು, ಸುತ್ತ ಸಿಲಿಕೋನ್ ಮೆತ್ತಿದ. ಮಳೆ ತಾಗದಂತೆ ಮೇಲೊಂದು ತಗಡಿನ ಚಾವಣಿ ಬಗ್ಗಿಸಿದ; ಮೂರು ಕಡೆ ಗಾಳಿಗೆ ತೆರೆದೇ ಬಿಟ್ಟ. ಭಾನುವಾರ ಕತ್ತಲಾಗುವ ಹೊತ್ತಿಗೆ ಉಳಿದದ್ದು ಒಂದೇ ಕೆಲಸ: ಹಳೇ ಪೈಪುಗಳನ್ನು ಕೂಡಿಸಿದ್ದ ನಟ್ಟನ್ನು ಬಿಚ್ಚಿ ಗೀಸರಿಗೆ ಕೂಡಿಸುವುದು. ಅದು ತುಕ್ಕು ಹಿಡಿದು ಕಚ್ಚಿ ಕೂತಿತ್ತು. ಎಣ್ಣೆ ಬಿಟ್ಟು ಬೆಳಿಗ್ಗೆಗೆ ಇಟ್ಟುಕೊಂಡ.

ಬೆಳಿಗ್ಗೆ ಎದ್ದು ನೋಡಿದರೆ ಕಂಪ್ರೆಸರ್ ಇರಲಿಲ್ಲ. ನಸುಕಿಗೇ ಲಾರಿ ಬಂದು ಪುಂಗೋಲ್‌ಗೆ ಒಯ್ದಿತ್ತು. ಮುಷ್ಟಿಗಳನ್ನು ಕಂಕುಳಲ್ಲಿ ಇಟ್ಟುಕೊಂಡ, ತೊಡೆಸಂದಿಯಲ್ಲಿ ಇಟ್ಟುಕೊಂಡ. ಆಗಲಿಲ್ಲ. ಹಲ್ಲಿಂದ ಬೆರಳೆಳೆದು, ಪಾನಾವನ್ನು ಬಲ ಮುಷ್ಟಿಯೊಳಗೆ ತುರುಕಿ, ಮೊಣಕಾಲು ಕೊಟ್ಟು ಒತ್ತಿದ. ನಟ್ಟು ಕಿರುಗುಟ್ಟಿ ತಿರುಗಿತು. ಮುಷ್ಟಿ ಪಾನಾದ ಮೇಲೆ ಹಾಗೇ ಬಿಗಿಯಿತು.

ಅಷ್ಟರಲ್ಲಿ ಅನಂತರಾಮ್ ಬಂದ. ಯಾವತ್ತೂ ಇಲ್ಲದ್ದು, ಅಂದು ದಾರ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಕಾಫಿ ತಂದಿದ್ದ.

"ಹೊರಗೇ ಹಾಕಿದ್ರಾ? ನೀಟಾಗಿದೆ ಕಣ್ರೀ. ತಗೊಳ್ಳಿ, ಬಿಸಿಬಿಸಿ ಇದೆ."

"ಅಲ್ಲಿಡಿ ಸಾರ್."

"ಎಲ್ಲಿಡ್ಲಿ, ಚೀಲ ಇದು. ಹಿಡ್ಕೊಳ್ರೀ."

ದಿವಾಕರ ಕೂತಲ್ಲೇ ಎಡಗೈ ಚಾಚಿದ. ದಾರ ಮುಷ್ಟಿಯ ಮೇಲೆ ಜಾರಿತು. ಚೀಲ ಮೆಟ್ಟಿಲ ಅಂಚಿಗೆ ಬಡಿದು ಒಡೆದು ಕಾಫಿ ಅವನ ಕೈಮೇಲೆಲ್ಲ ಚೆಲ್ಲಿತು. ಸುಟ್ಟದ್ದಕ್ಕೆ ಅವನು ಹಾ ಎನ್ನಲಿಲ್ಲ. ಬಿಸಿ ತಾಗಿದ ಕಿರುಬೆರಳು ಮೆಲ್ಲಗೆ ಬಿಚ್ಚಿಕೊಂಡಿತು, ಆಮೇಲೆ ಪಕ್ಕದ್ದು. ಅನಂತರಾಮ್ ಅದನ್ನೇ ನೋಡುತ್ತಾ ನಿಂತಿದ್ದ.

"ಎಷ್ಟು ದಿನದಿಂದ ಹೀಗೆ?"

"ಬೆಳಿಗ್ಗೆ ಮಾತ್ರ ಸಾರ್. ಬಿಸಿನೀರು ಬಂದ್ರೆ ಸರಿ ಹೋಗುತ್ತೆ. ಅದಕ್ಕೇ ಕೇಳಿದ್ದು."

"ಸರಿ. ಕೆಲಸ ಮುಗಿಸಿ" ಎಂದ ಅನಂತರಾಮ್. ದನಿಯಲ್ಲಿ ಸಿಟ್ಟಿರಲಿಲ್ಲ. ದಿವಾಕರನಿಗೆ ಅಲ್ಲೇ ಅರ್ಥವಾಯಿತು.

ಬಿಸಿಲೇರಿದ ಮೇಲೆ ಅವನು ಕೆಲಸ ಮುಗಿಸಿದ. ಜಾಯಿಂಟಿಗೆಲ್ಲ ಸೋಪಿನ ನೊರೆ ಹಚ್ಚಿ ಗ್ಯಾಸ್ ಸೋರುತ್ತಿಲ್ಲವೆಂದು ನೋಡಿದ. ಸುಭಾಷ್ ಕೆಂಪು ನಲ್ಲಿ ತಿರುಗಿಸಿದ. ಹೊರಗೆ ಟಕಟಕ ಎಂದು ಕಿಡಿ ಹಾರಿ ಉರಿ ಹತ್ತಿತು. "ಬಾಣಂತಿ ಅಣ್ಣಂಗೆ ಜೈ!" ಎಂದು ಕೂಗಿದವನು ದಿವಾಕರನ ಮುಖ ನೋಡಿ ನಲ್ಲಿ ಮುಚ್ಚಿದ.

ಸಂಜೆ ಹೊಸಬರಿಬ್ಬರು ಬಂದರು. ದಿವಾಕರ ಅವರನ್ನು ಹೊರಗೆ ಕರೆದು, "ಮಳೆ ಬಂತು, ಕಳ್ಳತನ ಆಗುತ್ತೆ ಅಂತ ಇದನ್ನ ಒಳಗೆ ತಗೊಂಡು ಹೋದ್ರೆ ಹೆಣ ಬೀಳುತ್ತೆ" ಎಂದು ಎರಡು ಸಲ ಹೇಳಿದ. ಅವರಲ್ಲೊಬ್ಬ ಆಗಲೇ ಬಕೆಟ್ಟು ಹುಡುಕುತ್ತಿದ್ದ.

ಗುರುವಾರ ಬೆಳಗಿನ ವಿಮಾನಕ್ಕೆ ದಿವಾಕರನ ಟಿಕೆಟ್ಟು. ಅಂದು ಹೊಸಬರು ಸ್ನಾನ ಮುಗಿಸುವಷ್ಟರಲ್ಲಿ ಸಿಲಿಂಡರ್ ಖಾಲಿಯಾಗಿತ್ತು. ದಿವಾಕರ ನಲ್ಲಿ ತಿರುಗಿಸಿದ. ಕಿಡಿ ಟಕಟಕ ಎಂದಿತು, ಉರಿ ಹತ್ತಲಿಲ್ಲ.

ಅನಂತರಾಮ್ ಕಾರಿನ ಬಾನೆಟ್ಟಿನ ಮೇಲೆ ಕಾಗದ ಹರಡಿದ. ನಾನಾಗಿಯೇ ಕೆಲಸ ಬಿಟ್ಟು ಹೋಗುತ್ತಿದ್ದೇನೆ ಎಂದು ಬರೆದಿತ್ತು. ಮುಷ್ಟಿಗಳನ್ನು ನೋಡಿ ಡ್ಯಾಶ್‌ಬೋರ್ಡಿನಿಂದ ಇಂಕಿನ ಪ್ಯಾಡು ತೆಗೆದು ಮುಚ್ಚಳ ಬಿಚ್ಚಿದ.

"ಕಷ್ಟಪಡ್ಬೇಡಿ ದಿವಾಕರ. ಹೆಬ್ಬೆಟ್ಟು ಒತ್ತಿ, ಸಾಕು."

"ಪೆನ್ ಕೊಡಿ" ಎಂದ ದಿವಾಕರ.

ಸುಭಾಷ್ ಪೆನ್ನನ್ನು ಅವನ ಮುಷ್ಟಿಯೊಳಗೆ ತೂರಿಸಿದ. ಒನಕೆ ಹಿಡಿದ ಹಾಗೆ ಹಿಡಿದು ದಿವಾಕರ ಬರೆಯತೊಡಗಿದ. 'ದಿ' ಬರೆಯುವಷ್ಟರಲ್ಲಿ ಕಾಗದ ಹರಿಯಿತು.

ಅನಂತರಾಮ್ ಹರಿದ ಕಡೆ ಬೆರಳಲ್ಲಿ ಸವರಿ ನೋಡಿದ. "ನಡೆಯುತ್ತೆ, ಒಂದಕ್ಷರ ಸಾಕು" ಎಂದು ಮಡಿಸಿ ಜೇಬಿಗಿಟ್ಟುಕೊಂಡ.