ಹಿಂದಿನ ಗೋಡೆಯ ಸದ್ದು

ನಮ್ಮ ಮನೆಯ ಫ್ರಿಜ್ಜಿನೊಳಗಿಂದ ಯಾರೋ ಬಾಗಿಲು ಬಡಿಯುತ್ತಿದ್ದರು.

ನಗಬೇಡಿ. ಹಾಡಹಗಲೇ, ಕುಕ್ಕರ್ ಸೀಟಿ ಹೊಡೆಯುವ ಹೊತ್ತಿಗೆ, ರಾಣೆಬೆನ್ನೂರಿನ ನಮ್ಮ ಅಡುಗೆಮನೆಯಲ್ಲಿ. ಟಕ್, ಟಕ್, ಟಕ್. ತೆರೆದು ನೋಡಿದರೆ ಮೊಸರಿನ ಡಬ್ಬಿ, ಅರ್ಧ ನಿಂಬೆಹಣ್ಣು, ಮೆಂತ್ಯೆಪಲ್ಲೆ. ಮುಚ್ಚಿದರೆ ಮತ್ತೆ ಟಕ್. ಕೊನೆಗೆ ಪ್ಲಗ್ ಕಿತ್ತಿಟ್ಟೆ. ಹಾಲು ಒಡೆಯಿತು. ಫ್ರಿಜ್ ಕೆಟ್ಟಿದೆ ಎಂದು ಮನೆಯಲ್ಲಿ ಹೇಳಿದೆ. ಎಂ.ಎ. ಓದಿದವಳು ಇನ್ನೇನು ಹೇಳಬೇಕಿತ್ತು?

ಈ ಸದ್ದು ನನ್ನ ಬೆನ್ನು ಹತ್ತಿದ್ದು ಬ್ಯಾಡಗಿಯಲ್ಲಿ.

ನನ್ನ ಸೋದರಮಾವ ತಮ್ಮ ಮೆಣಸಿನಕಾಯಿ ಚೀಲಗಳನ್ನು ಅಲ್ಲೊಂದು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟಿದ್ದರು. ಸ್ಯಾಂಪಲ್ ತೆಗೆಯಲು ಹೊರಟವರ ಜೊತೆ ನಾನೂ ಹೋದೆ (ಅಂಕಣಕ್ಕೆ ಏನಾದರೂ ಸಿಗಬಹುದು ಎಂಬ ಆಸೆ, ಸಿಕ್ಕಿತು ನೋಡಿ). ಒಳಗೆ ಹೋದವರು ಐದು ಜನ. ಮಾಮಾ, ನಾನು, ಹಮಾಲ ಫಕ್ಕೀರಪ್ಪ, ಅವನ ಜೊತೆಗಾರ, ಮಾಲು ಆರಿಸುವ ರೇಣವ್ವ. ಚೀಲಗಳು ಚಾವಣಿಯವರೆಗೆ ಏರಿದ್ದವು. ನಡುವೆ ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟೇ ಸಂದಿ.

ಕರೆಂಟ್ ಹೋಯಿತು.

ಕರೆಂಟ್ ಹೋದ ಕೂಡಲೇ ಬಾಗಿಲು ಹಾಕಬೇಕು, ಒಳಗಿನ ಥಂಡಿ ಹೊರಗೆ ಹೋಗಬಾರದು. ಅಲ್ಲಿನ ವಾಚ್‌ಮನ್‌ಗೆ ಅದು ಕೈಗೆ ಕೂತ ಕೆಲಸ. ಬಾಗಿಲು ಎಳೆದ, ಹೊರಗಿನಿಂದ ಅಗಳಿ ಹಾಕಿದ, ಜನರೇಟರ್ ಚಾಲೂ ಮಾಡಲು ಓಡಿದ. ಒಳಗೆ ಯಾರಾದರೂ ಇದ್ದೀರೇನು ಎಂದು ಕೂಗಿ ಕೇಳುವುದನ್ನು ಮಾತ್ರ ಅವತ್ತು ಮರೆತ. ಆ ಜನರೇಟರ್ ಥಂಡಿಯ ಮಷೀನಿಗೆ ಮಾತ್ರ, ದೀಪಕ್ಕಲ್ಲ.

ನಾವು ಬಾಗಿಲು ಬಡಿದೆವು. ಮೂರು ಬಡಿತ, ಸ್ವಲ್ಪ ತಡೆದು ಮತ್ತೆ ಮೂರು. ಗೇಣುದಪ್ಪದ ಬಾಗಿಲು, ಹೊರಗೆ ಜನರೇಟರ್ ಗದ್ದಲ. ಯಾರಿಗೆ ಕೇಳಬೇಕು? ಮೊಬೈಲಿಗೆ ಸಿಗ್ನಲ್ ಇಲ್ಲ. ಮಾಮಾ ಟಾರ್ಚ್ ಹಾಕಿದರೆ ಬೆಳಕು ಬಿದ್ದಲ್ಲೆಲ್ಲ ಚೀಲ. ಚಾರ್ಜ್ ಉಳಿಯಲೆಂದು ಆರಿಸಿದರು. ಆಮೇಲೆ ಯಾವ ಉಸಿರು ಯಾರದೆಂದೂ ತಿಳಿಯಲಿಲ್ಲ. ರೇಣವ್ವ ನನ್ನ ಮೊಣಕೈ ಹಿಡಿದಿದ್ದಳು. ಐದೂ ಜನ ಬಾಗಿಲಿಗೆ ಅಂಟಿಕೊಂಡೇ ನಿಂತಿದ್ದೆವು, ಅದು ನನಗೆ ಚೆನ್ನಾಗಿ ನೆನಪಿದೆ.

ಆಗ ನಮ್ಮ ಹಿಂದಿನಿಂದ, ಚೀಲಗಳ ಆಚೆಯ ಗೋಡೆಯಿಂದ ಬಂತು. ಟಕ್, ಟಕ್, ಟಕ್.

ರೇಣವ್ವನ ಉಗುರು ನನ್ನ ಕೈಯೊಳಗೆ ಇಳಿಯಿತು. ಮತ್ತೆ ಬಾಗಿಲು ಬಡಿಯಲು ಯಾರೂ ಕೈ ಎತ್ತಲಿಲ್ಲ. ನಾವು ಬಡಿದು, ಆ ಕಡೆಯಿಂದ ಮತ್ತೆ ಉತ್ತರ ಬಂದರೆ?

ಕರೆಂಟ್ ಬಂದ ಮೇಲೆ ಬಾಗಿಲು ತೆರೆದ ವಾಚ್‌ಮನ್ ನಮ್ಮನ್ನು ಕಂಡು ನೆಲಕ್ಕೆ ಕುಸಿದು ಕೂತ. ನಾವು ಅವನಿಗೇ ನೀರು ಕುಡಿಸಿದೆವು. ಚಹಾ ತರಿಸಿದೆವು. ಬಿಸಿಲಿನ ಬಗ್ಗೆ, ದರದ ಬಗ್ಗೆ ಮಾತಾಡಿದೆವು. ಆ ಸದ್ದಿನ ಬಗ್ಗೆ? ಚಕಾರವಿಲ್ಲ.

ಮನೆಗೆ ಬಂದಾಗ ಅವ್ವ ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಘಾಟು ಬರದಿದ್ದರೆ ದೃಷ್ಟಿಯಾಗಿದೆ ಎಂದು ಲೆಕ್ಕ. ಘಾಟು ಅಷ್ಟಾಗಿ ಬರಲಿಲ್ಲ. ಅವ್ವ ಹೆದರಿದಳು. "ಬ್ಯಾಡಗಿ ಕಾಯಿ ಬೇ ಯವ್ವಾ ಅದು. ಬರೇ ಬಣ್ಣ. ಅದರಾಗ ಖಾರ ಎಲ್ಲಿಂದ ಬರಬೇಕು?" ಎಂದು ನಾನೇ ಸಮಾಧಾನ ಮಾಡಿದೆ.

ನಾನು ಸದ್ದನ್ನು ನುಂಗಿಕೊಂಡೆ. ರೇಣವ್ವ ನುಂಗಲಿಲ್ಲ. ಕದರಮಂಡಲಗಿಯ ತನ್ನ ಗಂಡನ ಮನೆಯಲ್ಲಿ ಕೇಳಿದ್ದನ್ನು ಕೇಳಿದ ಹಾಗೇ ಹೇಳಿಬಿಟ್ಟಳು. ಬಚ್ಚಲ ಬಾಗಿಲನ್ನೂ ಯಾರಿಗೂ ಹಾಕಗೊಡಲಿಲ್ಲ. ಸೊಸೆಗೆ ದೆವ್ವ ಮೆಟ್ಟಿದೆ ಎಂದು ಅತ್ತೆ ಗಂಗವ್ವ ತೀರ್ಮಾನಿಸಿದಳಂತೆ. ಅಮಾವಾಸ್ಯೆಗೆ ಬಿಡಿಸುವವನ ಹತ್ತಿರ ಒಯ್ಯುವುದು. ಅದಕ್ಕೂ ದೆವ್ವ ಬಗ್ಗದಿದ್ದರೆ ರೇಣವ್ವನ ಮಗಳನ್ನು ತಮ್ಮಲ್ಲೇ ಇಟ್ಟುಕೊಂಡು ಇವಳೊಬ್ಬಳನ್ನು ಗುತ್ತಲದ ತವರಿಗೆ ಬಿಟ್ಟುಬರುವುದು. ಮಾಮಾ ಇದನ್ನೆಲ್ಲ ಫೋನಿನಲ್ಲಿ ಹೇಳಿ, "ಪಾಪ" ಎಂದರು. ನಾನೂ "ಪಾಪ" ಎಂದೆ. ಫ್ರಿಜ್ಜಿನ ಸುದ್ದಿ ಎತ್ತಲಿಲ್ಲ.

ಕೊನೆಗೆ ಫ್ರಿಜ್ಜೇ ನನ್ನನ್ನು ಹಾವೇರಿಯ ಕೌನ್ಸೆಲರ್ ಒಬ್ಬರ ಮುಂದೆ ಕೂರಿಸಿತು. ಎಲ್ಲ ಕೇಳಿ, ಐದೂ ಜನರನ್ನು ಒಟ್ಟಿಗೆ ಕರೆತನ್ನಿ ಎಂದರು. ಇದನ್ನೇ ಗ್ರೂಪ್ ಥೆರಪಿ ಅನ್ನುತ್ತಾರಂತೆ.

ನಾಲ್ವರು ಹೋದೆವು. ರೇಣವ್ವನನ್ನು ಮನೆಯವರು ಕಳಿಸಲಿಲ್ಲ. ಪ್ಲಾಸ್ಟಿಕ್ ಕುರ್ಚಿ ದುಂಡಗೆ ಹಾಕಿ ಕೂತೆವು. ಎಲ್ಲರ ಕಣ್ಣು ನೆಲದ ಟೈಲ್ಸ್ ಮೇಲೆ. ನಿದ್ದೆ ಚೆನ್ನಾಗಿ ಬರುತ್ತದೆ ಎಂದು ಫಕ್ಕೀರಪ್ಪ ಹೇಳಿದ, ಕಣ್ಣು ಕೆಂಡದಂತಿದ್ದವು. ಕೌನ್ಸೆಲರ್ ಎದ್ದರು. "ಆಕಿ ಬರದಿದ್ದರ ನಾವ ಆಕಿ ಮನಿಗೆ ಹೋಗೂಣು ನಡೀರಿ."

ಕದರಮಂಡಲಗಿಯ ಆ ಪಡಸಾಲೆಯಲ್ಲಿ ವರ್ಷದ ಖಾರದಪುಡಿಗೆಂದು ತಂದ ಬ್ಯಾಡಗಿ ಮೆಣಸಿನಕಾಯಿಯ ರಾಶಿ ಇತ್ತು. ನಮ್ಮ ಕಡೆ ಅಂಥ ರಾಶಿಯ ಮುಂದೆ ಯಾರಾದರೂ ಕೈ ಕಟ್ಟಿ ಕೂರುತ್ತಾರೆಯೇ? ಸುತ್ತ ಕೂತು ತೊಟ್ಟು ಮುರಿಯತೊಡಗಿದೆವು. ಕೌನ್ಸೆಲರ್ ಕೂಡ (ಅವರು ಮುರಿದದ್ದು ಹೆಚ್ಚಾಗಿ ಕಾಯಿಯನ್ನೇ). ಒಬ್ಬರ ಮುಖ ಒಬ್ಬರು ನೋಡಬೇಕಿರಲಿಲ್ಲ. ನೋಡಲಿಕ್ಕೆ ಕಾಯಿ ಇದ್ದವು.

ಎಷ್ಟೋ ಹೊತ್ತಿನ ಮೇಲೆ ಫಕ್ಕೀರಪ್ಪ ಕಾಯಿಗೇ ಹೇಳಿದಂತೆ ಹೇಳಿದ. "ನಾ ಈಗ ಲಾರಿ ಹಿಂದಿನ ಬಾಗಲಾ ಹಾಕಂಗಿಲ್ಲ. ಹಾಕಿದ್ರ ಒಳಗಿಂದ ಬಡದಂಗ ಆಕ್ಕೈತಿ."

"ಎಷ್ಟ ಸಲ?" ಎಂದಳು ರೇಣವ್ವ.

"ಮೂರ."

ಎಲ್ಲ ಕೈಗಳೂ ನಿಂತವು.

ಅವನ ಜೊತೆಗಾರ ತನಗೂ ಕೇಳಿತ್ತು ಎಂದ. ಬಚ್ಚಲಿಗೆ ಹೋದರೆ ಮಾಮಿಯನ್ನು ಬಾಗಿಲ ಹೊರಗೆ ನಿಲ್ಲಿಸಿ ಮಾತಾಡಿಸುತ್ತಿರುತ್ತೇನೆ ಎಂದು ಮಾಮಾ ಒಪ್ಪಿಕೊಂಡರು. ನಾನು ಫ್ರಿಜ್ಜಿನ ಕಥೆ ಹೇಳಿದೆ. "ಹಾಲೆಲ್ಲಾ ಹಾಳ ಮಾಡಿದ್ರಲ್ಲರಿ ಅಕ್ಕಾರ" ಎಂದು ರೇಣವ್ವ ನಕ್ಕಳು. ಆಮೇಲೆ ಎಲ್ಲರೂ.

ಕರೆಂಟ್ ಹೋದಾಗ ಪೈಪುಗಳು ಸದ್ದು ಮಾಡಿರಬಹುದು ಎಂದರು ಕೌನ್ಸೆಲರ್. ಫಕ್ಕೀರಪ್ಪ ಕೇಳಿದ, "ಪೈಪ ಎಣಿಸಿ ಬಡೀತೈತೇನ್ರಿ ಮೇಡಂ?" ಅವರು ಇನ್ನೊಂದು ಕಾಯಿ ಎತ್ತಿಕೊಂಡರು. ಅದು ಏನೆಂದು ಈ ಹೊತ್ತಿಗೂ ನಮಗೆ ಗೊತ್ತಿಲ್ಲ.

ಗೊತ್ತಾಗಲೇಬೇಕೇ? ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವರಿಗೆ ಶುಗರ್, ಬಿ.ಪಿ. ಎಲ್ಲ ಹೇಳಿಕೊಳ್ಳುವ ನಾವು, ಭಯವನ್ನು ಮಾತ್ರ ಒಬ್ಬೊಬ್ಬರೇ ಬಚ್ಚಿಟ್ಟುಕೊಳ್ಳುತ್ತೇವೆ. ಬಚ್ಚಿಟ್ಟದ್ದು ಬೆಳೆಯುತ್ತದೆ. ನಿದ್ದೆಗೆಂದು ಡಾಕ್ಟರ್ ಕೊಟ್ಟ ಗುಳಿಗೆ ನಾನೂ ನುಂಗಿದ್ದೇನೆ, ಅದೂ ಬೇಕು. ಆದರೆ ಡಾಕ್ಟರ್ ಆ ಕತ್ತಲೆಯಲ್ಲಿ ಇರಲಿಲ್ಲ. ಇದ್ದವರು "ನನಗೂ" ಎಂದಾಗ ಎದೆಯ ಮೇಲಿನ ಒಂದು ಚೀಲ ಇಳಿಯುತ್ತದೆ. ಈಗಲೂ ನಾವು ಸೇರುತ್ತೇವೆ. ಅಮಾವಾಸ್ಯೆ ಬಂದು ಹೋಯಿತು, ರೇಣವ್ವ ಮಗಳ ಜೊತೆ ತನ್ನ ಮನೆಯಲ್ಲೇ ಇದ್ದಾಳೆ. ನನ್ನ ಫ್ರಿಜ್ ಚಾಲೂ ಆಗಿದೆ. ಒಮ್ಮೊಮ್ಮೆ ಟಕ್ ಅನ್ನುತ್ತದೆ. ಆಗ ಫಕ್ಕೀರಪ್ಪನಿಗೆ ಫೋನ್ ಮಾಡುತ್ತೇನೆ.

ಅವತ್ತು ಗಂಗವ್ವ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಹಂಗಾರ ನಿಮಗೆಲ್ಲಾರಿಗೂ ಕೇಳಿಸೈತಿ?" ಎಂದಳು. ಹೌದು ಎಂದೆವು. "ನಮ್ಮ ರೇಣಿ ಸುಳ್ಳ ಹೇಳಿಲ್ಲ?" ಇಲ್ಲ ಎಂದೆವು.

ಬಂದು ಸೊಸೆಯ ಮಗ್ಗುಲಲ್ಲಿ ಕೂತಳು. ಒಂದು ಬೊಗಸೆ ಕಾಯಿ ಉಡಿಗೆ ಹಾಕಿಕೊಂಡು ತೊಟ್ಟು ಮುರಿಯತೊಡಗಿದಳು. ಸ್ವಲ್ಪ ಹೊತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಈ ಸಲದ ಕಾಯಿ ಭಾಳ ಖಾರ ಅದಾವು" ಎಂದಳು.

ನಾವೆಲ್ಲ ಹೌದೆಂದು ತಲೆಯಾಡಿಸಿದೆವು. ಬ್ಯಾಡಗಿ ಕಾಯಿಗೆ ಅಷ್ಟು ಖಾರ ಯಾವಾಗ ಬಂತು ಎಂದು ನಾನು ಕೇಳಲಿಲ್ಲ, ನೀವೂ ಕೇಳಬೇಡಿ.