ಹುಳದ ಮನೆಯ ಕಟ್ಟಳೆ

ಆಗ ದೇವನಹಳ್ಳಿಯ ಆಚೆ ನಮ್ಮೂರಿನಲ್ಲಿ ಮನೆಯ ಒಳ್ಳೆಯ ಜಾಗವೆಲ್ಲ ರೇಷ್ಮೆ ಹುಳಕ್ಕೆ, ಮಿಕ್ಕಿದ್ದು ಮನುಷ್ಯರಿಗೆ. ನಡುಮನೆಯಲ್ಲಿ ಮೇಲಿಂದ ಕೆಳಗೆ ಬಿದಿರಿನ ತಟ್ಟೆಗಳು. ನಾವು ಮಕ್ಕಳು ಮಲಗುತ್ತಿದ್ದುದು ಜಗಲಿಯ ಮೇಲೆ. ಹಿಪ್ಪುನೇರಳೆ ಸೊಪ್ಪು, ಸುಣ್ಣ, ಹುಳದ ಹಿಕ್ಕೆ ಮೂರೂ ಸೇರಿದ ವಾಸನೆ ನಮ್ಮ ಬಟ್ಟೆಯಲ್ಲಿ, ಸ್ಕೂಲಿನ ಚೀಲದಲ್ಲಿ, ಕೊನೆಗೆ ತಿನ್ನುವ ಮುದ್ದೆಯಲ್ಲೂ ಇರುತ್ತಿತ್ತು.

ಆ ಹುಳದ ಮನೆಗೆ ಅಜ್ಜಿಯ ಕಟ್ಟಳೆಗಳಿದ್ದವು. ಕೈಕಾಲು ತೊಳೆಯದೆ ಒಳಗೆ ಬರಬಾರದು. ಹೊಗೆಸೊಪ್ಪು ಹಾಕಿದವರು ಹತ್ತಿರ ಸುಳಿಯಬಾರದು. ಹುಳ ಜ್ವರಕ್ಕೆ ಕೂತಾಗ, ಅಂದರೆ ಮೇವು ಬಿಟ್ಟು ಪೊರೆ ಕಳಚುವಾಗ, ಗಲಾಟೆ ಮಾಡಬಾರದು. ಮುಟ್ಟಾದ ಹೆಂಗಸು ಮೂರು ದಿನ ಹೊಸಿಲು ದಾಟಬಾರದು. ಎಲ್ಲವನ್ನೂ ಅಜ್ಜಿ ಒಂದೇ ಉಸಿರಿನಲ್ಲಿ ಹೇಳಿ, ಎಲ್ಲವನ್ನೂ ಊರಾಚೆಯ ಮುನೇಶ್ವರನ ಮೇಲೆ ಹಾಕುತ್ತಿದ್ದಳು.

ರತ್ನ ಚಿಕ್ಕಮ್ಮ ಹೊಸಕೋಟೆ ಕಡೆಯಿಂದ ನಮ್ಮ ಚಿಕ್ಕಪ್ಪನನ್ನು ಮದುವೆಯಾಗಿ ಬಂದು ವರ್ಷವಾಗಿತ್ತು. ಹುಳ ಸಾಕುವುದರಲ್ಲಿ ಅವಳ ಕೈ ಒಳ್ಳೆಯದು. ಬಾಯಿಯೂ ಸುಮ್ಮನಿರುತ್ತಿರಲಿಲ್ಲ.

“ಅತ್ತೆ, ಮುನೇಶ್ವರ ಬೇಡ ಅಂದಿದ್ದಕ್ಕೆ ಅದು ತಪ್ಪಾಯ್ತಾ? ಇಲ್ಲ, ಮೊದ್ಲೇ ತಪ್ಪು ಅಂತ ಬೇಡ ಅಂದ್ನಾ?”

“ಬೇಡ ಅಂದ್ರೆ ಬೇಡ. ಅದ್ರಲ್ಲಿ ಮೊದ್ಲೇನು, ಆಮೇಲೇನು?”

“ಅಲ್ಲ, ನಾಳೆ ಹುಳಕ್ಕೆ ಸೊಪ್ಪೇ ಹಾಕ್ಬೇಡಿ ಅಂದ್ಬಿಟ್ರೆ?”

“ಹಂಗೆಲ್ಲ ಅನ್ನಲ್ಲ ಅವ್ನು.”

“ಯಾಕೆ ಅನ್ನಲ್ಲ? ಅವ್ನಿಗೂ ಏನೋ ಕಾರಣ ಇರುತ್ತಲ್ವಾ. ಅದನ್ನ ನಮಗೂ ಹೇಳ್ಲಿ.”

“ನಿಮ್ಮಪ್ಪ ನಿನ್ನ ಕೋರ್ಟಿಗೆ ಕಳ್ಸೋದು ಬಿಟ್ಟು ನಮ್ಮನೆಗೆ ಕಳ್ಸವ್ನೆ. ತಟ್ಟೆ ಇಳ್ಸು.”

ಇಬ್ಬರೂ ನಗುತ್ತಿದ್ದರು.

ನನಗಾಗ ಒಂಬತ್ತು ವರ್ಷ. ಹುಳ ಮೂರನೇ ಜ್ವರದಿಂದ ಎದ್ದ ದಿನ ಗೆಳತಿ ಮಂಜುಳನ ಹಿತ್ತಿಲಿನಲ್ಲಿ ಅಡುಗೆ ಆಟ ಆಡಲು ಹೋದೆ. ಅವರ ಹುಳಕ್ಕೆ ಹಾಲುತೊಂಡೆ ರೋಗ ಬಂದು ಎಲ್ಲ ತಿಪ್ಪೆಗೆ ಸುರಿದಿದ್ದರು. ಊದಿಕೊಂಡ ಆ ಹುಳಗಳನ್ನು ತೆಂಗಿನ ಚಿಪ್ಪಿನಲ್ಲಿ ತುಂಬಿ ಹಿಸುಕಿದರೆ ಹಾಲಿನಂಥ ನೀರು ಬರುತ್ತಿತ್ತು. ನಮಗೆ ಅದು ಪಾಯಸ. ಮನೆಗೆ ಬಂದಾಗ ಜಗಲಿಯಲ್ಲಿ ಅಜ್ಜಿ ತೂಕಡಿಸುತ್ತಿದ್ದಳು. ಬಚ್ಚಲಿನವರೆಗೆ ಹೋಗಲು ನನಗೆ ಸೋಮಾರಿತನ. ಅದೇ ಕೈಯಲ್ಲಿ ಕೆಳಗಿನ ತಟ್ಟೆಗಳ ಹುಳ ಎತ್ತಿ ಎತ್ತಿ ಆಡಿಸಿದೆ.

ಮಾರನೆಯ ದಿನ ಮನೆಯವರೆಲ್ಲ ತೋಟದಲ್ಲಿದ್ದರು. ಮುಟ್ಟಾಗಿ ಹೊರಗೆ ಕೂತಿದ್ದ ಚಿಕ್ಕಮ್ಮ, ಹಸಿದ ಹುಳಗಳು ತಲೆ ಎತ್ತಿ ಆಡಿಸುವುದನ್ನು ಕಿಟಕಿಯಿಂದ ನೋಡಿದಳು. ಕೈಕಾಲು ಚೆನ್ನಾಗಿ ತೊಳೆದು, ಒಳಗೆ ಹೋಗಿ ಸೊಪ್ಪು ಹಾಕಿದಳು. ಅಜ್ಜಿ ಬಂದದ್ದು ಅದೇ ಹೊತ್ತಿಗೆ.

ವಾರದಲ್ಲಿ ಹುಳಗಳು ಹಳದಿಗೆ ತಿರುಗಿ ತಟ್ಟೆಯ ಅಂಚಿಗೆ ಹರಿಯತೊಡಗಿದವು. ರೇಷ್ಮೆ ಇಲಾಖೆಯವರೊಬ್ಬರು ಬಂದು ಒಂದನ್ನು ಚಿವುಟಿ ನೋಡಿದರು. ಅದೇ ಹಾಲಿನಂಥ ನೀರು.

“ರೋಗದ ಹುಳ ಮುಟ್ಟಿದ ಕೈಲಿ ಯಾರಾದ್ರೂ ಇವನ್ನ ಮುಟ್ಟಿದ್ರಾ?”

“ಯಾರೂ ಇಲ್ಲ ಸ್ವಾಮಿ,” ಎಂದಳು ಅಜ್ಜಿ. “ಇವ್ಳೇ, ಹೊರಗಾಗಿದ್ದೋಳು ಒಳಗೆ ಬಂದ್ಬಿಟ್ಳು.”

ಚಿಕ್ಕಮ್ಮ ಅವರನ್ನೇ ನೋಡಿದಳು. “ಅದ್ರಿಂದ ಬರುತ್ತಾ ಸಾರ್?”

“ಅದ್ರಿಂದ ಬರಲ್ಲಮ್ಮ. ಆದ್ರೂ ಮನೇಲಿ ದೊಡ್ಡೋರು ಹೇಳ್ದಂಗೆ ಇರಿ.”

ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ನನ್ನದನ್ನೂ. ಬೇರೆ ಕಾರಣವೊಂದು ಸಿಕ್ಕಿದ್ದರೆ ಸಾಕಿತ್ತು ಅವಳಿಗೆ. ನಾನು ಕೈ ಹಿಂದೆ ಕಟ್ಟಿಕೊಂಡು ಕಂಬಕ್ಕೆ ಒರಗಿದ್ದೆ.

ಹುಳದ ಬೆಳೆಯನ್ನೆಲ್ಲ ಗುಂಡಿಗೆ ಹಾಕಿ ಸುಣ್ಣ ಸುರಿದರು. ಮರುದಿನ ಚಿಕ್ಕಮ್ಮ ಒದ್ದೆ ಸೀರೆಯಲ್ಲಿ ಹೋಗಿ ಮುನೇಶ್ವರನಿಗೆ ತಪ್ಪುಕಾಣಿಕೆ ಹಾಕಿ ಬಂದಳು. ಆಮೇಲೆ ಅವಳು ಏನನ್ನೂ ಕೇಳಲಿಲ್ಲ. ಮೂರು ವರ್ಷದ ನಂತರ ನಾನು ದೊಡ್ಡವಳಾದಾಗ ಹೊರಗೆ ಚಾಪೆ ಹಾಸಿಕೊಟ್ಟವಳು ಅವಳೇ.

“ಯಾಕೆ ಚಿಕ್ಕಮ್ಮ ಹೊರಗೆ?” ಎಂದೆ.

“ಕೇಳ್ಬಾರ್ದು ಮಗ. ನಾನು ಯಾಕೆ ಯಾಕೆ ಅಂತ ಕೇಳಿ ಒಂದು ಬೆಳೆ ಸಾಯಿಸ್ದೆ.”

ಆಗಲಾದರೂ ಹೇಳಬಹುದಿತ್ತು.

ಅಜ್ಜಿ ಕಾರಣ ತಿಳಿಸಿದ್ದರೆ ಕೈ ತೊಳೆಯುತ್ತಿದ್ದೆನೇನೋ ಎಂದು ಎಷ್ಟೋ ಸಲ ನೆಪ ಹುಡುಕಿದ್ದೇನೆ. ಕಾರಣವಿದ್ದ ಕಟ್ಟಳೆಯನ್ನು ಮೀರಿದವಳು ನಾನು. ಕಾರಣವಿಲ್ಲದ್ದನ್ನು ಮೀರಿದವಳು ಅವಳು. ದೇವರ ಹೆಸರಿನಲ್ಲಿ ಎರಡೂ ಒಂದೇ ಆಗಿದ್ದವು. ಅವು ಬೇರೆ ಬೇರೆ ಎಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ಕಳೆದ ತಿಂಗಳು ಚಿಕ್ಕಮ್ಮ ತೀರಿಕೊಂಡಳು. ಹಿಪ್ಪುನೇರಳೆ ತೋಟವಿದ್ದಲ್ಲಿ ಈಗ ಸೈಟುಗಳ ಕಲ್ಲು. ಅವಳ ಮಗಳು ಭಾರತಿ ನೆಲಮಂಗಲದಿಂದ ಬಂದವಳು ಮನೆಯ ಗೇಟಿನ ಹೊರಗೇ ನಿಂತುಬಿಟ್ಟಳು. ಅವಳಿಗೆ ಆವತ್ತು ಮುಟ್ಟಿನ ಎರಡನೇ ದಿನ.

“ಈಗ ಅದೆಲ್ಲ ಯಾರು ನೋಡ್ತಾರೆ, ಬಾರೇ,” ಎಂದು ಹೆಂಗಸರೇ ಕರೆದರು.

“ಅಮ್ಮ ಒಪ್ತಿರ್ಲಿಲ್ಲ,” ಎಂದಳು. ತಾಯಿಯ ಬಾಯಿಗೆ ನೀರು ಬಿಡಲಿಲ್ಲ, ಮುಖ ಮುಟ್ಟಲಿಲ್ಲ. ನಾನು ಒಳಗೆ ಹೆಣದ ಬಳಿ ಕೂತು ಎಲ್ಲ ನೋಡುತ್ತಿದ್ದೆ.

ಎತ್ತಿಕೊಂಡು ಹೋದ ಮೇಲೆ ಅವಳ ಪಕ್ಕ ಹೋಗಿ ಕೂತೆ. ಮಂಜುಳನ ಹಿತ್ತಿಲಿನಿಂದ ಹಿಡಿದು ಎಲ್ಲ ಹೇಳಿದೆ. ನಿಮ್ಮಮ್ಮ ಮೊದಲು ಹೀಗಿರಲಿಲ್ಲ, ದೇವರನ್ನೇ ಕಾರಣ ಕೇಳುತ್ತಿದ್ದಳು, ಕೇಳಿ ನಗುತ್ತಿದ್ದಳು ಎಂದೆ. ಆ ಹೆಂಗಸನ್ನು ಭಾರತಿ ಒಂದು ದಿನವೂ ಕಂಡಿರಲಿಲ್ಲ.

ಅವಳು ಹೆಣ ಹೋದ ರಸ್ತೆಯ ಕಡೆ ತಿರುಗಿದಳು.

“ಅಕ್ಕ, ಒಂದು ಗಂಟೆ ಮುಂಚೆ ಹೇಳ್ಬಾರ್ದಿತ್ತಾ?”